ಮಗ್ಗಿ ಪಟಪಟ ಹೇಳ್ತಾಳೆ, 7, 12, 17 ಆದ್ಮೇಲೆ ಏನು ಅಂದ್ರೆ ಸುಮ್ಮನಾಗ್ತಾಳೆ

ಪ್ರಶ್ನೆ: ನಮಸ್ತೆ ಸರ್. ನಾವು ತುಮಕೂರಿನವರು. ಮಗಳಿಗೆ 8 ವರ್ಷ, ಇಂಗ್ಲಿಷ್ ಮೀಡಿಯಂ, 3ನೇ ಕ್ಲಾಸು. 2ರಿಂದ 10ರ ತನಕ ಮಗ್ಗಿ ಒಂದೇ ಉಸಿರಲ್ಲಿ ಹೇಳ್ತಾಳೆ. ಆದ್ರೆ ಸ್ಕೂಲಲ್ಲಿ ಸ್ಕಿಪ್ ಕೌಂಟಿಂಗು, ನಂಬರ್ ಪ್ಯಾಟರ್ನು ಅಂತ ವರ್ಕ್‌ಶೀಟ್ ಕೊಡ್ತಾರಲ್ಲ, 7, 12, 17 ಆದ್ಮೇಲೆ ಏನು, 40ರಿಂದ ನಾಲ್ನಾಲ್ಕು ಕಮ್ಮಿ ಮಾಡ್ತಾ ಹಿಂದಕ್ಕೆ ಬರಿ, ಇಂಥವು ಒಂದೂ ಬರಲ್ಲ. ಬೆರಳು ಎಣಿಸೋಕೆ ಹೋಗ್ತಾಳೆ, ಬೆರಳು ಬಳಸ್ಬಾರ್ದು ಅಂತ ಮಿಸ್ ಹೇಳಿದಾರಂತೆ, ಅದಕ್ಕೆ ಕೈಯನ್ನ ಡೆಸ್ಕ್ ಕೆಳಗೆ ಇಟ್ಕೊಂಡು ಯಾರಿಗೂ ಕಾಣದ ಹಾಗೆ ಎಣಿಸ್ತಾಳಂತೆ. ನಮ್ಮ ಮಾವ 20ರ ತನಕ ಮಗ್ಗಿ ಬಾಯಿಪಾಠ ಮಾಡ್ಸಿ ಎಲ್ಲ ಸರಿಹೋಗತ್ತೆ ಅಂತಾರೆ. ಯಜಮಾನ್ರು ಅಬಾಕಸ್ ಕ್ಲಾಸಿಗೆ ಸೇರ್ಸೋಣ ಅಂತಾರೆ. ನಾದಿನಿ ಮಾತ್ರ ಇದು ಡಿಸ್ಕ್ಯಾಲ್ಕುಲಿಯಾ (ಲೆಕ್ಕ ಕಲಿಯೋದ್ರಲ್ಲೇ ಇರೋ ತೊಂದ್ರೆ) ಇರ್ಬಹುದು ಡಾಕ್ಟ್ರಿಗೆ ತೋರ್ಸಿ ಅಂದ್ಳು, ಅದನ್ನ ಕೇಳಿದ್ಮೇಲೆ ನಂಗೆ ನಿದ್ದೆ ಬರ್ತಿಲ್ಲ. ಮುಂದಿನ ತಿಂಗಳು ಟೆಸ್ಟ್ ಬೇರೆ ಇದೆ. ಏನ್ಮಾಡ್ಲಿ?

ಉತ್ತರ: ನೋಡಿ ತಾಯಿ, ನೀವು ಬರೆದಿದ್ರಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಡೆಸ್ಕ್ ಕೆಳಗಿನ ಆ ಕೈ. 26 ವರ್ಷ ಪ್ರೈಮರಿ ಮಕ್ಕಳಿಗೆ ಲೆಕ್ಕ ಹೇಳ್ಕೊಟ್ಟಿದೀನಿ, ಆಮೇಲೆ ಟೀಚರ್‌ಗಳಿಗೆ ತರಬೇತಿ ಕೊಡೋ ಕೆಲಸ ಮಾಡ್ತಿದೀನಿ, ಹೀಗೆ ಕೈ ಬಚ್ಚಿಟ್ಕೊಳ್ಳೋ ಮಕ್ಕಳನ್ನ ಲೆಕ್ಕವಿಲ್ಲದಷ್ಟು ನೋಡಿದೀನಿ. ಅವರಲ್ಲಿ ಹೆಚ್ಚಿನವರಿಗೆ ಯಾವ ಕಾಯಿಲೆನೂ ಇರಲಿಲ್ಲ, ಮಗ್ಗಿ ಬಾಯಿಗೆ ಬಂದಿತ್ತು, ಆ ಮಗ್ಗಿ ಒಳಗೆ ನಡೀತಿರೋ ಕೂಡೋ ಲೆಕ್ಕ ಏನು ಅನ್ನೋದು ಕಂಡಿರಲಿಲ್ಲ, ಅಷ್ಟೇ. ಹಾಗಾಗಿ ಇವತ್ತು ರಾತ್ರಿ ನಿದ್ದೆ ಮಾಡಿ. ಡಾಕ್ಟರ್ ವಿಷಯ ಕೊನೇಲಿ ಹೇಳ್ತೀನಿ, ತಪ್ಪಿಸ್ಕೊಳ್ಳಲ್ಲ.

ಮೊದ್ಲು ನಿಮ್ಮ ಮೇಲೇ ಒಂದು ಪ್ರಯೋಗ ಮಾಡ್ಕೊಳ್ಳಿ. ವರ್ಣಮಾಲೆಲಿ 'ಡ' ಅಕ್ಷರಕ್ಕಿಂತ ಮುಂಚೆ ಯಾವ ಅಕ್ಷರ ಬರತ್ತೆ? ನೂರಕ್ಕೆ ತೊಂಬತ್ತು ಜನ ಒಳಗೊಳಗೇ "ಟ ಠ ಡ" ಅಂತ ಹೇಳ್ಕೊಂಡೇ ಉತ್ತರ ಕೊಡೋದು. ನಮಗೆ ವರ್ಣಮಾಲೆ ಚೆನ್ನಾಗೇ ಗೊತ್ತು, ಆದ್ರೆ ಅದು ಹಾಡಿನ ಥರ ಸೇರ್ಕೊಂಡಿದೆ, ಮಧ್ಯದಿಂದ ಎತ್ಕೊಳ್ಳೋಕೆ ಆಗಲ್ಲ, ಹಿಂದಕ್ಕಂತೂ ಹೋಗೋಕೇ ಆಗಲ್ಲ. ನಿಮ್ಮ ಮಗಳ ಮಗ್ಗಿನೂ ಹಾಗೇ ಇದೆ. "ಐದೊಂದ್ಲಿ ಐದು, ಐದೆರಡ್ಲಿ ಹತ್ತು" ಅಂತ ರಾಗ ಶುರುವಾದ್ರೆ ಐವತ್ತಕ್ಕೇ ನಿಲ್ಲೋದು. 7, 12, 17 ಕೂಡ ಐದೈದೇ ಜಾಸ್ತಿ ಆಗ್ತಿರೋದು, ಆದ್ರೆ ಆ ಸಂಖ್ಯೆಗಳು ಅವಳ ಹಾಡಲ್ಲಿ ಇಲ್ಲ. ಹಾಡಲ್ಲಿ ಇಲ್ಲದ್ದನ್ನ ಕೇಳಿದ ತಕ್ಷಣ ಅವಳಿಗೆ ಉಳಿಯೋದು ಒಂದೇ ದಾರಿ, ಬೆರಳು.

ನನ್ನ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದ, ಏಳರ ಮಗ್ಗಿ ಅವನಷ್ಟು ಸ್ಪೀಡಾಗಿ ಇಡೀ ಸ್ಕೂಲಲ್ಲಿ ಯಾರೂ ಹೇಳ್ತಿರಲಿಲ್ಲ. ಏಳಾರ್ಲಿ ಎಷ್ಟಪ್ಪ ಅಂದ್ರೆ ತುಟಿ ಅಲ್ಲಾಡೋದು, ಏಳೊಂದ್ಲಿಯಿಂದ ಶುರು ಮಾಡಿ ಬಂದು 42 ಅನ್ನೋನು. ಸರಿ, 42ಕ್ಕೆ ಇನ್ನೊಂದು ಏಳು ಸೇರ್ಸಿದ್ರೆ ಅಂದೆ. ಮತ್ತೆ ಏಳೊಂದ್ಲಿಯಿಂದ ಶುರು! ಆಗ ನಂಗೆ ಅರ್ಥ ಆಯ್ತು, ಮಗ್ಗಿಲಿ ಒಂದು ಸಾಲಿಂದ ಇನ್ನೊಂದು ಸಾಲಿಗೆ ಹೋಗೋದು ಅಂದ್ರೆ ಏಳು ಕೂಡೋದು ಅಂತ ಅವನಿಗೆ ಯಾರೂ ತೋರ್ಸೇ ಇಲ್ಲ. ಅದೇ ಹುಡುಗ ಭಾನುವಾರ ಸಂತೇಲಿ ಅಪ್ಪನ ಜೊತೆ ನಿಂಬೆಹಣ್ಣು ಮಾರೋನು. ಎರಡೂ ಕೈ ಹಾಕಿ ಐದೈದು ಎತ್ತಿ ಚೀಲಕ್ಕೆ ಹಾಕ್ತಾ "ಐದು, ಹತ್ತು, ಹದಿನೈದು" ಅಂತ ಎಣಿಸೋನು, ಗಿರಾಕಿ ಮೊದ್ಲೇ ಮೂರು ಆರಿಸಿಟ್ಟಿದ್ರೆ ಅಲ್ಲಿಂದಲೇ "ಎಂಟು, ಹದಿಮೂರು, ಹದಿನೆಂಟು" ಅಂತ ತಡವರಿಸದೇ ಹೋಗೋನು. ನಾನು ಪಕ್ಕದಲ್ಲೇ ನಿಂತು ನೋಡಿದೀನಿ. ನಿಮ್ಮ ಮಗಳಿಗೆ ವರ್ಕ್‌ಶೀಟಲ್ಲಿ ಕೇಳಿರೋದು ಇದನ್ನೇ ಅಲ್ವಾ!

ಹಾಗಂತ ನಿಮ್ಮ ಮಾವನೋರು ಹೇಳಿದ್ದು ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ಈಗ ಕೆಲವರು ಮಗ್ಗಿನೇ ಬೇಡ, ಅದೆಲ್ಲ ಹಳೇ ಕಾಲದ್ದು ಅಂತಾರೆ, ಅದು ಇನ್ನೊಂದು ಕಡೆಯ ತಪ್ಪು. ಮುಂದಿನ ಕ್ಲಾಸುಗಳಲ್ಲಿ ಭಾಗಾಕಾರ, ಭಿನ್ನರಾಶಿ, ಲಸಾಅ (ಎಲ್‌ಸಿಎಂ) ಎಲ್ಲ ಬರತ್ತೆ, ಆಗ 56 ಅಂದ ತಕ್ಷಣ ಏಳೆಂಟ್ಲಿ ಅಂತ ತಲೆಗೆ ಹೊಳೀಬೇಕು, ಇಲ್ಲ ಅಂದ್ರೆ ಅರ್ಧ ಗಮನ ಆ ಗುಣಾಕಾರಕ್ಕೇ ಹೋಗಿಬಿಡತ್ತೆ. ನಮ್ಮ ಹಿರಿಯರು ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನೂ ಕಲೀತಿದ್ರು, ಅಂಗಡಿ ಲೆಕ್ಕ, ಅಳತೆ ಲೆಕ್ಕ ದಿನಾ ಬರ್ತಿತ್ತು, ಬಾಯಿಗೆ ಬಂದಿದ್ದು ಅವತ್ತೇ ಕೈಗೂ ಬರೋದು. ಇವತ್ತಿನ ಮಗುಗೆ ಆ ಕೈಕೆಲಸ ಇಲ್ಲ. ಆದ್ರಿಂದ 10ರ ತನಕ ಇರೋದನ್ನ ಅರ್ಥ ಮಾಡ್ಸದೇ 20ರ ತನಕ ಎಳೆದ್ರೆ ಹಾಡು ಉದ್ದ ಆಗತ್ತೆ, ತೊಂದ್ರೆ ಹಾಗೇ ಇರತ್ತೆ, ಜೊತೆಗೆ ಲೆಕ್ಕ ಅಂದ್ರೆ ಬಾಯಿಪಾಠ ಅನ್ನೋ ಭಾವನೆ ಗಟ್ಟಿ ಆಗತ್ತೆ. ಮಾವನೋರಿಗೆ ಬೇರೆ ಕೆಲಸ ಕೊಡಿ, ಅವರ ಕಾಲದಲ್ಲಿ ಸೇರು, ಕೊಳಗದಲ್ಲಿ ಹೇಗೆ ಅಳೀತಿದ್ರು, "ಒಂದು" ಅನ್ನೋ ಬದ್ಲು "ಲಾಭ" ಅಂತ ಶುರು ಮಾಡಿ ಹೇಗೆ ಎಣಿಸ್ತಿದ್ರು ಅಂತ ಮೊಮ್ಮಗಳಿಗೆ ತೋರ್ಸ್ಲಿ. ಇಬ್ಬರಿಗೂ ಖುಷಿ ಆಗತ್ತೆ.

ಈಗ ಬೆರಳಿನ ವಿಷಯ. ಬೆರಳು ಬಳಸೋದು ದಡ್ಡತನದ ಗುರುತಲ್ಲ, ದಯವಿಟ್ಟು ಇದನ್ನ ಮಗುಗೆ ನಿಮ್ಮ ಬಾಯಿಂದಲೇ ಹೇಳಿ, ಕೈ ಮೇಲೆ ತರ್ಸಿ. ತೊಂದ್ರೆ ಇರೋದು ಒಂದೊಂದಾಗಿ ಎಣಿಸೋದ್ರಲ್ಲಿ. 17ಕ್ಕೆ 5 ಸೇರ್ಸೋಕೆ "18, 19, 20, 21, 22" ಅಂತ ಐದು ಬೆರಳು ಮಡಚೋ ಮಗುಗೆ ಎಷ್ಟು ಬೆರಳು ಮಡಚಿದೆ, ಎಷ್ಟಕ್ಕೆ ಬಂದೆ ಅಂತ ಎರಡೆರಡು ಎಣಿಕೆ ತಲೇಲಿ ಇಟ್ಕೊಳ್ಬೇಕು, ಅಲ್ಲಿ ಜಾರತ್ತೆ, 21 ಅಂತಾನೋ 23 ಅಂತಾನೋ ಬರೀತಾಳೆ. ಬೆರಳು ಬಿಡಿಸೋ ಬದ್ಲು ಬೆರಳನ್ನ ಚೆನ್ನಾಗಿ ಬಳಸೋದು ಹೇಳ್ಕೊಡಿ. ನಮ್ಮಲ್ಲಿ ಜಪ ಎಣಿಸೋರು ಹೆಬ್ಬೆರಳಿಂದ ಬೆರಳಿನ ಗಿಣ್ಣು ಮುಟ್ತಾ ಹೋಗ್ತಾರಲ್ಲ, ಒಂದೊಂದು ಬೆರಳಲ್ಲಿ ಮೂರು ಭಾಗ, ನಾಲ್ಕು ಬೆರಳಿಗೆ 12. ಅಂದ್ರೆ ಮೂರರ ಎಣಿಕೆ ಕೈಯಲ್ಲೇ ಇದೆ, ಬೆರಳ ತುದಿ ಮಾತ್ರ ಮುಟ್ಟಿ 3, 6, 9, 12 ಅನ್ನಿಸಿ, ಇನ್ನೊಂದು ಕೈಗೆ ಹೋದ್ರೆ 15, 18, 21, 24. ಎರಡು ವಾರ ಮಾಡಿಸಿ, ಬೆರಳು ತಾನೇ ಬಿಟ್ಟುಹೋಗತ್ತೆ, ನೀವು ಬಿಡ್ಸೋದೇ ಬೇಕಾಗಲ್ಲ.

ನಿಮ್ಮ ಮಗಳಿಗೆ ತೊಂದ್ರೆ ಎಲ್ಲಿ ಅಂತ ಮನೇಲೇ ಕಂಡುಹಿಡೀಬಹುದು, ಹುಣಸೆ ಬೀಜ ಒಂದು ಮುಷ್ಟಿ ಸಾಕು. ಮೂರರ ಮಗ್ಗಿ ಹೇಳೋಕೆ ಬಿಟ್ಟು ಮಧ್ಯ 15ಕ್ಕೆ ನಿಲ್ಲಿಸಿ, ಮೊದಲಿಂದ ಹೇಳದೇ ಮುಂದಿನದ್ದು ಹೇಳಮ್ಮ ಅನ್ನಿ. ಅಲ್ಲೇ ನಿಂತ್ರೆ ನಾನು ಹೇಳಿದ ಹಾಡಿನ ಸಮಸ್ಯೆ. ಆಮೇಲೆ 8 ಹುಣಸೆ ಬೀಜ ಇಟ್ಟು, ಇದಕ್ಕೆ ಇನ್ನು 5 ಸೇರ್ಸಿದ್ರೆ ಎಷ್ಟು ಅಂತ ಕೇಳಿ. 8ಕ್ಕೆ 2 ಸೇರಿ ಹತ್ತು, ಇನ್ನು 3 ಉಳೀತು, 13 ಅಂತ ಯೋಚಿಸ್ತಾಳಾ, ಇಲ್ಲ ಒಂದೊಂದಾಗೇ ಹೋಗ್ತಾಳಾ ನೋಡಿ. ಒಂದೊಂದಾಗೇ ಹೋದ್ರೆ ಹತ್ತು ದಾಟೋದು ಕಲಿತಿಲ್ಲ ಅಂತ ಅರ್ಥ, ಮೊದ್ಲು ಅದನ್ನ ಸರಿಮಾಡ್ಬೇಕು, ಅದಿಲ್ಲದೇ ಯಾವ ಸ್ಕಿಪ್ ಕೌಂಟಿಂಗೂ ಮುಂದೆ ಹೋಗಲ್ಲ. 3ನೇ ಕ್ಲಾಸಿನ ಮಕ್ಕಳಲ್ಲಿ ನಾನು ಜಾಸ್ತಿ ನೋಡಿರೋದು ಇದೇ, ಎಲ್ಲರೂ ಮಗ್ಗಿ ಮಗ್ಗಿ ಅಂತಿರ್ತಾರೆ, ಹತ್ತಕ್ಕೆ ಎಷ್ಟು ಕಮ್ಮಿ ಅನ್ನೋದು ಯಾರಿಗೂ ನೆನಪಿರಲ್ಲ. ಇನ್ನೂ ಒಂದು ಪರೀಕ್ಷೆ ಇದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ 0ಯಿಂದ 30 ಬರೆದು, 10ರ ಮೇಲೆ ನಿಲ್ಸಿ, ಐದೈದರ ಹಾಗೆ ಮೂರು ಸಲ ಜಿಗಿ ಎಲ್ಲಿಗೆ ಬರ್ತೀಯ ಅನ್ನಿ. ತುಂಬ ಮಕ್ಕಳು ನಿಂತ ಜಾಗವನ್ನೇ ಮೊದಲ ಜಿಗಿತ ಅಂತ ಎಣಿಸಿ 20 ಅಂತಾರೆ, 25 ಬರ್ಬೇಕಿತ್ತು. ಇದು ಪೇಪರ್ ಮೇಲೆ ಎಷ್ಟು ಹೇಳಿದ್ರೂ ಹೋಗಲ್ಲ, ಎರಡು ದಿನ ಕುಂಟೆಬಿಲ್ಲೆ ಥರ ಕಾಲಲ್ಲಿ ಜಿಗಿದ್ರೆ ಹೋಗತ್ತೆ.

ಇಂಗ್ಲಿಷ್ ಮೀಡಿಯಂ ಅಂದ್ರಲ್ಲ, ಅದ್ರಲ್ಲೂ ಒಂದು ವಿಷಯ ಇದೆ, ಟೀಚರ್‌ಗಳೂ ಗಮನಿಸಲ್ಲ. ಇಂಗ್ಲಿಷಲ್ಲಿ ಫೋರ್ಟೀನ್ ಅಂದಾಗ ನಾಲ್ಕು ಮೊದ್ಲು ಕೇಳ್ಸತ್ತೆ, ಅದಕ್ಕೆ ಎಷ್ಟೋ ಮಕ್ಕಳು 41 ಅಂತ ಬರೀತಾರೆ. ಫಿಫ್ಟೀನ್, ಫಿಫ್ಟಿ ಎರಡೂ ಕಿವಿಗೆ ಒಂದೇ ಥರ ಕೇಳ್ಸತ್ತೆ. ಕನ್ನಡದಲ್ಲಿ ಹದಿನಾಲ್ಕು, ಇಪ್ಪತ್ತನಾಲ್ಕು, ಮೂವತ್ತನಾಲ್ಕು ಅಂತ ಹತ್ತು ಮೊದ್ಲು, ಬಿಡಿ ಆಮೇಲೆ, ಬರೆಯೋ ಕ್ರಮದಲ್ಲೇ ಬರತ್ತೆ. ಜೊತೆಗೆ ನಮ್ಮ ಭಾಷೇಲಿ ಎರಡೆರಡು, ಮುಮ್ಮೂರು, ನಾಲ್ನಾಲ್ಕು, ಐದೈದು ಅಂತ ಗುಂಪಾಗಿ ಎಣಿಸೋಕೆ ಪದಗಳೇ ರೆಡಿ ಇವೆ. ಆದ್ರಿಂದ ಮನೇಲಿ ಧೈರ್ಯವಾಗಿ ಕನ್ನಡದಲ್ಲೇ ಎಣಿಸಿ, ಸ್ಕೂಲಿನ ಇಂಗ್ಲಿಷ್ ಏನೂ ಹಾಳಾಗಲ್ಲ. ಒಂದು ಕಡೆ ಮಾತ್ರ ಹುಷಾರು, ಎಂಬತ್ತೊಂಬತ್ತು, ತೊಂಬತ್ತು, ತೊಂಬತ್ತೆಂಟು ಇವುಗಳಲ್ಲಿ ಮಕ್ಕಳು ಗೊಂದಲ ಮಾಡ್ಕೊಳ್ತಾರೆ, ಅಲ್ಲಿ ಬರೆದು ತೋರ್ಸಿ.

ಇನ್ನು ಪ್ಯಾಟರ್ನ್. ಈ ಪದ ಕೇಳಿ ತಂದೆತಾಯಿ ಹೆದರ್ತಾರೆ, ಆದ್ರೆ ನಿಮ್ಮ ಮನೆ ಬಾಗಿಲಲ್ಲೇ ದಿನಾ ಬೀಳತ್ತೆ ಅದು. ಚುಕ್ಕಿ ರಂಗೋಲಿ ಹಾಕೋವಾಗ 1, 3, 5, 7, 5, 3, 1 ಅಂತ ಚುಕ್ಕಿ ಇಡ್ತೀರಲ್ಲ, ಮಗಳನ್ನ ಪಕ್ಕ ಕೂರಿಸ್ಕೊಂಡು ಪ್ರತಿ ಸಾಲಿಗೆ ಎಷ್ಟು ಜಾಸ್ತಿ ಆಗ್ತಿದೆ ಅಂತ ಕೇಳಿ. ಒಟ್ಟು 25 ಚುಕ್ಕಿ. ಏಳರ ಸಾಲಿನ ತನಕ ಮಾತ್ರ ಕೂಡಿದ್ರೆ 16, ಅಂದ್ರೆ ನಾಲ್ನಾಲ್ಕ್ಲಿ ಹದಿನಾರು, ಉಳಿದ 5, 3, 1 ಕೂಡಿದ್ರೆ 9, ಮೂರ್ಮೂರ್ಲಿ ಒಂಬತ್ತು. ಬೆಸ ಸಂಖ್ಯೆಗಳನ್ನ ಒಂದರಿಂದ ಸಾಲಾಗಿ ಕೂಡ್ತಾ ಹೋದ್ರೆ ಯಾವಾಗ್ಲೂ ಹೀಗೇ ಚೌಕದ ಸಂಖ್ಯೆಗಳೇ ಬರೋದು. ಸಂದು ಚುಕ್ಕಿ ಇಟ್ರೆ ನಡುವೆ 7, ಆ ಕಡೆ ಈ ಕಡೆ 6, 5, 4, ಅಲ್ಲಿ ಒಂದೊಂದೇ ಕಮ್ಮಿ, ಒಟ್ಟು 37. ಹಿಂದಕ್ಕೆ ಎಣಿಸೋದಕ್ಕೆ ಇದಕ್ಕಿಂತ ಒಳ್ಳೇ ಪಾಠ ನಾನು ಕಂಡಿಲ್ಲ, ಯಾಕಂದ್ರೆ ಏರಿದ್ದು ಇಳೀಲೇಬೇಕು, ಇಲ್ಲಾಂದ್ರೆ ರಂಗೋಲಿ ಸೊಟ್ಟ ಆಗತ್ತೆ, ತಪ್ಪು ಎಲ್ಲಾಯ್ತು ಅಂತ ಮಗುಗೇ ಕಾಣ್ಸತ್ತೆ, ನೀವು ತಪ್ಪು ಅಂತ ಹೇಳೋದೂ ಬೇಡ. ಹೀಗೆ ಏರಿ ಇಳಿಯೋ ಸಂಖ್ಯೆ ಅಂದ್ರೆ ನಮ್ಮ ನೆಲದವರಿಗೆ ಮೊದಲಿಂದಲೂ ಪ್ರೀತಿ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯ ಒಂದರಿಂದ ಆರರ ತನಕ ಏರಿ ಮತ್ತೆ ಕ್ರಮವಾಗಿ ಇಳಿಯೋ 12345654321 ಅನ್ನೋ ಸಂಖ್ಯೆಯನ್ನ ಹೇಳಿದಾರೆ. 11ನ್ನ 11ರಿಂದ ಗುಣಿಸಿದ್ರೆ 121, 111ನ್ನ 111ರಿಂದ ಗುಣಿಸಿದ್ರೆ 12321, ಹೀಗೇ ಬೆಳೆಸ್ಕೊಂಡು ಹೋದ್ರೆ ಆರು ಒಂದುಗಳಿಗೆ ಆ ಸಂಖ್ಯೆನೇ ಸಿಗೋದು. ಮಗಳು ಸ್ವಲ್ಪ ದೊಡ್ಡವಳಾದ್ಮೇಲೆ ತೋರ್ಸಿ.

ಗೋಡೆ ಮೇಲಿನ ಕ್ಯಾಲೆಂಡರ್ ಇನ್ನೊಂದು. ಈ ತಿಂಗಳು ಮೊದಲ ಸೋಮವಾರ 3ನೇ ತಾರೀಕು ಅಂದ್ಕೊಳ್ಳಿ, ಉಳಿದ ಸೋಮವಾರ 10, 17, 24, 31. ಏಳರ ಮಗ್ಗಿ ಹಾಡಲ್ಲಿ ಇಲ್ಲದ ಸಂಖ್ಯೆಗಳು, ಆದ್ರೆ ಏಳೇಳೇ ಹೆಚ್ಚಾಗಿರೋದು. 7, 12, 17 ಬರದ ಮಗುಗೆ ಇದು ಸರಿಯಾದ ಮದ್ದು. ಮೊಟ್ಟೆ ಟ್ರೇಲಿ 30 ಇರತ್ತೆ, ಒಂದು ಕಡೆಯಿಂದ ನೋಡಿದ್ರೆ ಐದೈದು, ಟ್ರೇ ತಿರುಗಿಸಿದ್ರೆ ಆರಾರು, ಹೇಗೆ ಹೋದ್ರೂ 30ಕ್ಕೇ ಬಂದು ನಿಲ್ಲತ್ತೆ. ಮೊಟ್ಟೆ ತರದ ಮನೆ ಆದ್ರೆ ಬಳೆ, ಬಟನ್, ಏನಾದ್ರೂ ಸಾಲಾಗಿ ಇಡಿ. ಹಾವು ಏಣಿ ಬೋರ್ಡ್ ಮಾತ್ರ ಇದಕ್ಕೆ ಬಳಸ್ಬೇಡಿ, ಅದ್ರಲ್ಲಿ ಒಂದು ಸಾಲು ಎಡದಿಂದ ಬಲಕ್ಕೆ, ಮುಂದಿನ ಸಾಲು ಬಲದಿಂದ ಎಡಕ್ಕೆ ಹೋಗತ್ತೆ, ಹತ್ತತ್ತರ ಕಾಲಮ್ಮು ಕಾಣಲ್ಲ. 1ರಿಂದ 100 ನೇರ ಸಾಲುಗಳಲ್ಲಿ ಬರೆದ ಚಾರ್ಟ್ ನೀವೇ ಮಾಡಿ, ಐದೈದಕ್ಕೆ ಅರಿಶಿನ ಹಚ್ಚಿ ಅಂದ್ರೆ ಎರಡು ಕಾಲಮ್ ಪೂರ್ತಿ ಹಳದಿ ಆಗತ್ತೆ, ಒಂಬತ್ತೊಂಬತ್ತಕ್ಕೆ ಕುಂಕುಮ ಇಟ್ರೆ ಓರೆಯಾಗಿ ಗೆರೆ ಇಳಿಯತ್ತೆ. ಆ ಗೆರೆ ಕಂಡಾಗ ಮಗುವಿನ ಮುಖ ನೋಡಿ!

ಕೊನೇ ಅಂಕಿ ಆಟ ಒಂದನ್ನ ಹೇಳದೇ ಇರೋಕಾಗಲ್ಲ, ನನ್ನ ಕ್ಲಾಸಲ್ಲಿ ಇದಕ್ಕೆ ಮಕ್ಕಳು ಊಟದ ಬೆಲ್ ಹೊಡೆದ್ರೂ ಏಳ್ತಿರಲಿಲ್ಲ. ತಟ್ಟೆ ಇಟ್ಟು ವೃತ್ತ ಎಳೆದು ಸುತ್ತ ಸಮವಾಗಿ 0ಯಿಂದ 9 ಬರೀರಿ. ನಾಲ್ಕರ ಮಗ್ಗಿಯ ಕೊನೇ ಅಂಕಿ ಮಾತ್ರ ತಗೊಳ್ಳಿ, 4, 8, 2, 6, 0, ಮತ್ತೆ 4. ಸೊನ್ನೆಯಿಂದ ಶುರು ಮಾಡಿ ಗೆರೆ ಸೇರ್ಸಿದ್ರೆ ಐದು ಮೂಲೆ ನಕ್ಷತ್ರ. ಮೂರರದ್ದು 3, 6, 9, 2, 5, 8, 1, 4, 7, 0, ಹತ್ತೂ ಅಂಕಿ ಮುಟ್ಟಿ ಹತ್ತು ಮೂಲೆ ನಕ್ಷತ್ರ. ಏಳರದ್ದು ಮಾಡಿದ್ರೆ ಅದೇ ಚಿತ್ರ, ಆದ್ರೆ ಉಲ್ಟಾ ಸುತ್ತು. ಆರು ಮಾಡಿದ್ರೆ ನಾಲ್ಕರ ಚಿತ್ರನೇ ಉಲ್ಟಾ. ಯಾಕೆ ಹೀಗೆ ಅಂತ ಮಗು ಕೇಳತ್ತೆ, ತಕ್ಷಣ ಹೇಳ್ಬೇಡಿ, 3 ಮತ್ತು 7 ಕೂಡಿದ್ರೆ ಎಷ್ಟು, 4 ಮತ್ತು 6 ಕೂಡಿದ್ರೆ ಎಷ್ಟು ಅಂತ ಮಾತ್ರ ಕೇಳಿ.

ಅಬಾಕಸ್ ಬಗ್ಗೆ ಯಜಮಾನ್ರಿಗೆ ಹೀಗೆ ಹೇಳಿ. ಮಣಿ ಸರಿಸಿ ಬೇಗ ಕೂಡೋ ಕಳೆಯೋ ಅಭ್ಯಾಸ ಅದ್ರಲ್ಲಿ ಚೆನ್ನಾಗಾಗತ್ತೆ, ಇಷ್ಟಪಟ್ಟು ಹೋಗೋ ಮಕ್ಕಳಿಗೆ ಒಳ್ಳೇದೇ. ಆದ್ರೆ ಈ ಸಾಲಲ್ಲಿ ಏನು ನಡೀತಿದೆ ಅಂತ ನೋಡೋ ಕಣ್ಣು ಅದ್ರಿಂದ ತಾನಾಗಿ ಬರಲ್ಲ, ಪದಲೆಕ್ಕನೂ ಬರಲ್ಲ. ಎಷ್ಟೋ ಕಡೆ ಟೈಮರ್ ಇಟ್ಟು ಸ್ಪರ್ಧೆ ಮಾಡ್ತಾರೆ, ಈಗಾಗ್ಲೇ ಕೈ ಬಚ್ಚಿಟ್ಕೊಳ್ಳೋ ಮಗುನ ಅಲ್ಲಿ ಕೂರಿಸಿದ್ರೆ ಭಯ ಇನ್ನೂ ಜಾಸ್ತಿ ಆಗೋ ಸಾಧ್ಯತೆ ಇದೆ. ಈಗ ಬೇಡ, ಒಂದು ವರ್ಷ ಬಿಟ್ಟು ಅವಳೇ ಕೇಳಿದ್ರೆ ಸೇರ್ಸಿ, ಇದು ನನ್ನ ಅಭಿಪ್ರಾಯ. ಮನೇಲೇ ದಿನಕ್ಕೆ 10 ನಿಮಿಷ ಮಾಡೋದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೇದು, ಅದಕ್ಕೂ ಒಂದು ಅಪಾಯ ಇದೆ, ನಮ್ಮ ಕೋಪ. ಸಂಜೆ ಅಡುಗೆ ಮಧ್ಯೆ, ಆಫೀಸಿಂದ ಬಂದ ಸುಸ್ತಲ್ಲಿ ಲೆಕ್ಕ ಹಿಡ್ಕೊಂಡು ಕೂತ್ರೆ ಐದನೇ ನಿಮಿಷಕ್ಕೆ ಧ್ವನಿ ಏರತ್ತೆ. ಅಂಥ ದಿನ ಬಿಟ್ಬಿಡಿ, ಒಂದು ದಿನ ಬಿಟ್ರೆ ಏನೂ ಆಗಲ್ಲ. ಏನೂ ಮಾಡದೇ ದೊಡ್ಡವಳಾದ್ಮೇಲೆ ತಾನೇ ಬರತ್ತೆ ಅಂತ ಕೂರೋದು ಮಾತ್ರ ಬೇಡ, 4ನೇ ಕ್ಲಾಸಿನ ಭಾಗಾಕಾರ ಶುರುವಾದ್ಮೇಲೆ ಹಿಂದಕ್ಕೆ ಬಂದು ತುಂಬೋದು ಕಷ್ಟ. ಕೇಂದ್ರ ಸರ್ಕಾರ 2021ರ ಜುಲೈಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆ ಕೂಡ 3ನೇ ಕ್ಲಾಸ್ ಮುಗಿಯೋದ್ರೊಳಗೆ ಓದು ಮತ್ತು ಲೆಕ್ಕದ ಬುನಾದಿ ಗಟ್ಟಿ ಆಗ್ಲಿ ಅಂತಾನೇ ಗುರಿ ಇಟ್ಟಿರೋದು.

ನಾದಿನಿ ಹೇಳಿದ ಡಿಸ್ಕ್ಯಾಲ್ಕುಲಿಯಾ. ಇದು ನಿಜವಾಗ್ಲೂ ಇರೋ ತೊಂದ್ರೆ, ಸೋಮಾರಿತನ ಅಲ್ಲ, ಬುದ್ಧಿ ಕಮ್ಮಿ ಅಂತಲೂ ಅಲ್ಲ. ಅದಿರೋ ಮಕ್ಕಳಲ್ಲಿ ಸಾಮಾನ್ಯವಾಗಿ ಪ್ಯಾಟರ್ನ್ ಒಂದೇ ಅಲ್ಲ, ಸಂಖ್ಯೆ ಅನ್ನೋದೇ ಕೈಗೆ ಸಿಗಲ್ಲ. 38 ದೊಡ್ಡದಾ 52 ದೊಡ್ಡದಾ ಅಂದ್ರೆ ಗೊತ್ತಾಗಲ್ಲ, ಟೇಬಲ್ ಮೇಲೆ ಮೂರೇ ಬಿಸ್ಕೆಟ್ ಇದ್ರೂ ಒಂದೊಂದಾಗಿ ಎಣಿಸ್ಬೇಕು, ನಿನ್ನೆ ಬಂದಿದ್ದು ಇವತ್ತು ಪೂರ್ತಿ ಮರೆತುಹೋಗಿರತ್ತೆ, ಚಿಲ್ಲರೆ, ಗಡಿಯಾರ ಎಲ್ಲದರಲ್ಲೂ ತಡವರಿಸ್ತಾರೆ, ಅದೂ ತಿಂಗಳುಗಟ್ಟಲೆ ಒಳ್ಳೇ ರೀತಿ ಹೇಳ್ಕೊಟ್ಟ ಮೇಲೂ. ಇಂಥವು ನಾಲ್ಕೈದು ಒಟ್ಟಿಗೆ ಕಂಡ್ರೆ, ಇಲ್ಲಾ ಎರಡು ಮೂರು ತಿಂಗಳು ನಾನು ಹೇಳಿದ ಥರ ಮಾಡಿದ್ಮೇಲೂ ಚೂರೂ ಬದಲಾವಣೆ ಇಲ್ಲ ಅಂದ್ರೆ ತೋರ್ಸಿ, ಸಂಕೋಚ ಬೇಡ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೇಲಿ ಮಕ್ಕಳ ಕಲಿಕೆ ತೊಂದ್ರೆಗಳ ಪರೀಕ್ಷೆ ಮಾಡ್ತಾರೆ, ನಿಮಗೆ ತುಮಕೂರಿಂದ ಹತ್ರನೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಲಿ ಕಲಿಕೆಯ ತೊಂದ್ರೆಗಳೂ ಸೇರಿವೆ, 3ನೇ ಕ್ಲಾಸ್ ಅಥವಾ 8 ವರ್ಷದ ಹೊತ್ತಿಗೆ ಸ್ಕೂಲಲ್ಲೇ ಟೀಚರ್ ಮೊದಲ ಹಂತದ ಸ್ಕ್ರೀನಿಂಗ್ ಮಾಡ್ಬೇಕು ಅಂತ ಮಾರ್ಗಸೂಚಿ ಇದೆ, ಅದನ್ನೂ ಕೇಳಿ ನೋಡಿ. ನಿಮ್ಮ ಮಗಳು ಇಷ್ಟು ಮಗ್ಗಿ ನೆನಪಿಟ್ಕೊಂಡಿದಾಳೆ ಅನ್ನೋದು ಸಮಾಧಾನದ ವಿಷಯ, ಆದ್ರೆ ಹಾಡು ನೆನಪಿರೋದೇ ಪೂರ್ತಿ ಸಾಕ್ಷಿ ಅಲ್ಲ, ಅದಕ್ಕೇ ಆ ಹುಣಸೆ ಬೀಜದ ಪರೀಕ್ಷೆ ಬಿಡದೇ ಮಾಡಿ.

ಟೆಸ್ಟ್ ಮುಂದಿನ ತಿಂಗಳು ಅಂದ್ರಿ. ಒಂದು ತಿಂಗಳಲ್ಲಿ ಎಲ್ಲ ಬಂದುಬಿಡತ್ತೆ ಅಂತ ನಾನು ಹೇಳಲ್ಲ, ಮಾರ್ಕ್ಸ್ ಈ ಸಲ ಹಾಗೇ ಇದ್ರೂ ಬೇಜಾರು ಬೇಡ. ಎರಡು ಅಭ್ಯಾಸ ಮಾತ್ರ ಮಾಡ್ಸಿ. ಪ್ಯಾಟರ್ನ್ ಪ್ರಶ್ನೆ ಕಂಡ ತಕ್ಷಣ ಉತ್ತರಕ್ಕೆ ಹೋಗ್ದೇ ಪಕ್ಕಪಕ್ಕದ ಎರಡು ಸಂಖ್ಯೆ ಮಧ್ಯೆ ಚಿಕ್ಕ ಬಿಲ್ಲು ಎಳೆದು ಎಷ್ಟು ಜಾಸ್ತಿ ಅಥವಾ ಕಮ್ಮಿ ಅಂತ ಅದ್ರ ಮೇಲೆ ಬರೀಲಿ. 7ಕ್ಕೂ 12ಕ್ಕೂ ಮಧ್ಯೆ ಒಂದು ಬಿಲ್ಲು, 12ಕ್ಕೂ 17ಕ್ಕೂ ಇನ್ನೊಂದು, ಎರಡರ ಮೇಲೂ 5 ಬಂತಾ, ಹಾಗಾದ್ರೆ ಮೂರನೇದೂ 5. ಹಿಂದಕ್ಕೆ ಹೋಗೋದ್ರಲ್ಲಿ ಹತ್ತರ ಹತ್ರ ನಿಂತು ದಾಟ್ಲಿ, 32ರಿಂದ 4 ಕಳೆಯೋಕೆ ಮೊದ್ಲು 2 ತೆಗೆದು 30, ಇನ್ನೆರಡು ತೆಗೆದು 28. ಮತ್ತೆ ಮಿಸ್‌ಗೆ ಡೈರಿಲಿ ಎರಡು ಸಾಲು ಮರ್ಯಾದೆಯಿಂದ ಬರೀರಿ, ಮಗು ಸದ್ಯಕ್ಕೆ ಬೆರಳು ಅಥವಾ ಸಂಖ್ಯಾ ರೇಖೆ ಬಳಸ್ಕೊಳ್ಳೋಕೆ ಬಿಡಿ, ಮನೇಲಿ ನಿಧಾನವಾಗಿ ಅಭ್ಯಾಸ ಮಾಡಿಸ್ತಿದೀವಿ ಅಂತ. ನಾನು ನೋಡಿದ ಹಾಗೆ ಹೆಚ್ಚಿನ ಟೀಚರ್‌ಗಳು ಒಪ್ತಾರೆ. ಒಪ್ಪದಿದ್ರೆ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ 0ಯಿಂದ 50ರ ತನಕ ಒಂದು ಗೆರೆ ನೀವೇ ಸ್ಕೇಲಿಟ್ಟು ಹಾಕಿಕೊಡಿ, ಕೈಯನ್ನ ಡೆಸ್ಕ್ ಮೇಲಿಟ್ಟು ಪೆನ್ಸಿಲ್ ತುದಿಯಿಂದ ಅದ್ರ ಮೇಲೆ ಜಿಗೀಲಿ.